ಹೆಳವನ ಪುಸ್ತಕದಲ್ಲಿ ಮ್ಯಾಕ್ರೇ

೧೯೮೮ರ ಬೇಸಿಗೆ, ಚಿಕ್ಕೋಡಿ ಬಸ್ ನಿಲ್ದಾಣ. ನನ್ನ ಪಕ್ಕದಲ್ಲಿ ಬೇಡಕಿಹಾಳದ ಸಾಹುಕಾರರೊಬ್ಬರು, ಮನೆಮನೆಗೆ ಬಂದು ವಂಶಾವಳಿ ಓದುವ ಹೆಳವ ಭರಮಪ್ಪನ ಜೊತೆ ಕೂತಿದ್ದರು. ಸಾಹುಕಾರರ ಕೈಯಲ್ಲಿ ವಿದೇಶದ ಅಂಚೆಚೀಟಿಯ ಪತ್ರ. ಕೇಳಬಾರದೆಂದು ನಾನು ಮುಖ ತಿರುಗಿಸಿದೆ, ಕಿವಿ ತಿರುಗಲಿಲ್ಲ.

“ಸ್ಕಾಟ್ಲೆಂಡಿನಿಂದ ಒಬ್ಬಾಕಿ ಬರದಾಳ,” ಎಂದರು ಸಾಹುಕಾರರು. “ಮ್ಯಾಕ್ರೇ ಅನ್ನೋ ಅಡ್ಡಹೆಸರಿನವ್ರನ್ನ ಹುಡುಕಾಕತ್ತಾಳಂತ. ಅವರ ಮನೆತನದ ಒಬ್ಬ ಸಾಹೇಬ ಈ ಕಡೆ ಬಂದಾಂವ ತಿರುಗಿ ಹೋಗಲಿಲ್ಲಂತ.”

“ನನ್ನ ಪುಸ್ತಕದಾಗ ಅದಾನಲ್ರಿ. ನಿಮ್ಮ ಮುತ್ತಜ್ಜ.”

“ಮೆಲ್ಲಗ ಮಾತಾಡೋ! ಆಕಿಗೆ ಯಾರೂ ಇಲ್ಲಂತ ಬರದು ಕೈತೊಳಕೊಂತೀನಿ. ಆದ್ರ ಐತವಾರ ಬೀಗರು ಬರತಾರ. ನಿನ್ನ ಬಾಯಿಂದ ವಂಶಾವಳಿ ಕೇಳಿದ ಮ್ಯಾಲನ ನಮ್ಮ ಹುಡುಗೀನ ಒಪ್ಪತಾರಂತ.”

“ಓದತೇನ್ರಿ.”

“ಅದೊಂದು ಹೆಸರ ಬಿಟ್ಟು ಓದು.”

“ಬಿಡತೇನ್ರಿ. ಆದ್ರ ಬಿಟ್ಟ ಹೆಸರಿನ ಕೆಳಗ ಹುಟ್ಟಿದವ್ರನ್ನ ನಾವು ಓದೂದಿಲ್ಲ. ನಮ್ಮ ಹಿರ್ಯಾರು ಹಾಕಿದ ಪದ್ಧತಿ.”

“ಅಂದ್ರ?”

“ನಿಮ್ಮಜ್ಜ, ನಿಮ್ಮಪ್ಪ, ನೀವು. ಆಮ್ಯಾಲ ಹುಡುಗಿ.”

“ಹಂಗಾರ ನೀ ಬರಲೇಬ್ಯಾಡ. ನಿನಗ ಜಡ್ಡಾಗೇತಂತ ಹೇಳತೇನಿ.”

“ಹೆಳವ ಓದದ ಮನಿಯಿಂದ ಅವರು ಹೆಣ್ಣು ತಗೊಂತಾರೇನ್ರಿ?”

ರಾಯಬಾಗದ ಬಸ್ಸು ಬಂತು. ಭರಮಪ್ಪ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡ.

“ಐತವಾರ ಎಷ್ಟೊತ್ತಿಗೆ ಬರಲ್ರಿ?”

ಕೇಳುತ್ತಲೇ ಬಸ್ಸು ಹತ್ತಿದ. ಸಾಹುಕಾರರು ಅವನ ಬೆನ್ನಿಗೇ ಅದೇ ಬಸ್ಸು ಹತ್ತಿದರು. ಅವರು ಹತ್ತಬೇಕಿದ್ದ ಬೇಡಕಿಹಾಳದ ಬಸ್ಸು ಎದುರಿಗೇ ನಿಂತಿತ್ತು.