ಬಾಯ್ಲರಿನ ಜಾತಕ

ಮಗಳ ಮದುವೆಗೆ ಮುಹೂರ್ತ ಕೇಳಲು ಬಂದ ರಾಯವ್ವ ಜೋಯಿಸ ವೆಂಕಣ್ಣನ ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗೆ ಶಟ್ಟೆಪ್ಪ ಮಾತಾಡುತ್ತಿದ್ದ. ಹತ್ತಿಯಿಂದ ಬೀಜ ಬಿಡಿಸುವ ಅವನ ಜಿನ್ನಿನಲ್ಲೇ ಅವಳ ಕೂಲಿ.

“ಬೈಲಹೊಂಗಲದ ಜಿನ್ನು, ನಮ್ಮ ಯರಗಟ್ಟಿ ಜಿನ್ನು ಕೂಡಸಬೇಕಂತೇವ್ರಿ. ಹೊಂದತಾವೇನು ನೋಡ್ರಿ.”

“ಬಾಯ್ಲರಿಗೆ ಮೊದಲ ಬೆಂಕಿ ಹಾಕಿದ್ದು ಯಾವಾಗ?”

“ನಮ್ಮದು ಪ್ಲೇಗಿನ ಮರುವರ್ಷ ದಸರಾಕ್ಕ, ಅವರದು ಯುಗಾದಿಗೆ.”

“ಇಪ್ಪತ್ತೆರಡು ಗುಣ ಕೂಡತಾವ. ಹೆಣ್ಣು ಯಾವುದು?”

“ಹೆಂಗ ಹೇಳೂದ್ರಿ?”

“ಮನಿ ಬಿಟ್ಟು ಹೋಗೂದು ಯಾವುದು?”

“ನಮ್ಮದ್ರಿ. ಬಾಯ್ಲರ್ ಗಾಡಿ ಮ್ಯಾಲ ಹೋಗತೈತಿ.”

“ಕೂಡ ಯಾರು ಹೋಗತಾರ?”

“ಯಾರೂ ಇಲ್ರಿ. ಅಲ್ಲೆ ಆಳು ಬೇಕಾದಷ್ಟು ಅದಾರ.”

“ಹಂಗಾದ್ರ ಮಾಘ ಪಂಚಮಿ ಚಲೋ ಅದ.”

ಶಟ್ಟೆಪ್ಪ ಚಪ್ಪಲಿ ಮೆಟ್ಟಿ, ರಾಯವ್ವನ ಕಡೆ ನೋಡದೆ, ಇಳಿದು ಹೋದ.

“ನಿಂದೇನವ್ವಾ?” ಎಂದ ವೆಂಕಣ್ಣ.

“ಮಗಳ ಮದವೀರಿ. ಮಾಘ ಪಂಚಮಿಕಿಂತ ಮೊದಲ ಯಾವ ದಿನ ಇದ್ದರೂ ನಡೀತೈತ್ರಿ.”