ದಾನಿಶನ ಚಪ್ಪಲಿ

…ಅವತ್ತೂ ಇಂಥದೇ ಒಂದು ಮಂಗಳವಾರ ಕಣ್ರೀ ರುಬೀನಾ. ವಿಶೇಷ ಏನೂ ಇರಲಿಲ್ಲ. ಶಾಲೇಲಿ ಹಾಲು ಕೊಟ್ಟಾದ ಮೇಲೆ ಮಕ್ಕಳನ್ನ ಮರಳುಗುಂಡಿಗೆ ಕರ್ಕೊಂಡು ಹೋದೆ. ನಿಮ್ಮ ದಾನಿಶ್ ಚೊಂಬಲ್ಲಿ ನೀರು ಸುರೀತಿದ್ದ, ನನ್ನ ಮಗಳು ವಿಭಾ ಒದ್ದೆ ಮರಳಲ್ಲಿ ಒಬ್ಬಟ್ಟು ತಟ್ತಿದ್ಲು. ಅವಳಿಗೆ ಫಿಟ್ಸ್ ಬಂತು. ಯಾವಾಗಿನ ಹಾಗೆ ನಿಲ್ಲಲಿಲ್ಲ. ಆಸ್ಪತ್ರೆಗೆ ಹೊರಟು ತರೀಕೆರೆ ದಾಟೋ ಹೊತ್ತಿಗೆ… ಹೋಗಲಿ, ನೀವೂ ಬಂದಿದ್ರಲ್ಲ ಮನೆಗೆ. ಹಾಸಿಗೆ ಮೇಲೆ ಮಲಗಿದ್ರೂ ಬರ್ತಿತ್ತು ಅಂದ್ರು ಡಾಕ್ಟ್ರು. ನಾನೂ ಎಲ್ಲರಿಗೂ ಅದನ್ನೇ ಹೇಳ್ತೀನಿ.

ಕೂತ್ಕೊಳ್ರೀ. ಬಾಗಿಲಲ್ಲೇ ನಿಂತು ಹಂಗೆ ನೋಡಿದ್ರೆ ನಾನೇನು ಮಾತಾಡ್ಲಿ? ಬೈಯೋದಾದ್ರೆ ಕೂತ್ಕೊಂಡು ಬೈಯಿರಿ.

ಗೊತ್ತು. ದಾನಿಶ್ ಬೆಳಿಗ್ಗೆ ಹಾಕ್ಕೊಂಡು ಬಂದ ಚಪ್ಪಲಿ ಸಂಜೆಗೆ ಇರಲ್ಲ. ಇದು ಮೂರನೇ ಜೊತೆ. ದೊಡ್ಡ ತರಗತಿ ಹುಡುಗರು ಎತ್ಕೊಂಡು ಹೋಗ್ತಾರೆ, ನಾಯಿ ಕಾಟ ಬೇರೆ. ನಿನ್ನೆ ನಿಮ್ಮ ಯಜಮಾನರ ಸ್ಕೂಟರ್ ಕೆಟ್ಟಿತ್ತು ಅಂತ ನಂಗೇನು ಗೊತ್ತಿತ್ತು? ಗೊತ್ತಿದ್ರೆ ಬರಿಗಾಲಲ್ಲಿ ಸ್ಟೇಷನ್ ರೋಡ್‌ವರೆಗೂ ನಡೆಯೋಕೆ ಬಿಡ್ತಿದ್ನಾ, ಈ ಅಜ್ಜಂಪುರದ ಬಿಸಿಲಲ್ಲಿ? ಬೊಬ್ಬೆಗೆ ಏನು ಹಚ್ಚಿದ್ರಿ?

ಶಾಲೆ ಬಿಡಿಸ್ತೀನಿ ಅಂತ ಮಾತ್ರ ಅನ್ಬೇಡಿ. ಬಿಡಿಸಿ ಎಲ್ಲಿಗೆ ಕಳಿಸ್ತೀರ? ಕಡೂರಿಗಾ, ದಿನಾ ಬಸ್ಸಲ್ಲಿ? ಹಾರನ್ ಕೇಳಿದ್ರೆ ಕಿವಿ ಮುಚ್ಕೊಂಡು ನೆಲಕ್ಕೆ ಕೂರೋ ಹುಡುಗ.

ಆಚೆ ಆಟಕ್ಕೆ ಯಾಕೆ ಬಿಡ್ತಿಲ್ಲ ಅಂತ ನಿಮ್ಮತ್ತೆ ಫೋನಲ್ಲಿ ಕೇಳಿದ್ರು. ಅದಕ್ಕೂ ವಿಭಾಗೂ ಸಂಬಂಧ ಇಲ್ಲ. ಜೋಕಾಲಿ ಸರಪಳಿ ತುಕ್ಕು ಹಿಡಿದಿದೆ. ಬಿಸಿಲು. ಮರಳಲ್ಲಿ ಮುಳ್ಳು… ಯಾಕ್ರೀ ನಗ್ತೀರ? ಮುಳ್ಳಿದೆ ಕಣ್ರೀ.

ಈಗ ಅವನು ಕೇಳೋದೂ ಇಲ್ಲ. ಮಾತಿಲ್ಲದ ಮಗು, ಆಚೆ ಹೋಗ್ಬೇಕು ಅನಿಸಿದ್ರೆ ಚಪ್ಪಲಿ ತಂದು ಮಿಸ್ ಕೈಲಿ ಇಡ್ಬೇಕು ಅಂತ ಕಲಿಸಿದ್ದೇ ನಾನು. ತಿಂಗಳುಗಟ್ಲೆ ಹಿಡೀತು. ಮೊದಲನೇ ಸಲ ಇಟ್ಟಾಗ ನಿಮಗೇ ಫೋನ್ ಮಾಡಿದ್ದೆ, ನೀವು ಅತ್ತುಬಿಟ್ರಿ. ಈಗ ಸುಮ್ನೆ ಕೂತು ಮಣಿ ಪೋಣಿಸ್ತಾನೆ. ಕೂರೋದು ಕಲಿತ. ಅದೂ ಕಲಿಕೆ ತಾನೇ?

ಆ ಕಡೆ ಏನು ನೋಡ್ತಿದ್ದೀರಿ?

ಅವನಾ? ಅವನು ದಿನಾ ಅಲ್ಲೇ ನಿಲ್ಲೋದು, ಬೀರು ಹತ್ರ. ಕಬ್ಬಿಣ ತಣ್ಣಗಿರತ್ತೆ ನೋಡಿ, ಕೆನ್ನೆ ಒತ್ಕೊಂಡು ನಿಲ್ತಾನೆ. ಇಂಥ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಇಷ್ಟ. ಆಮೇಲೆ ಹಿಡಿ ಎಳೀತಾನೆ… ಅಷ್ಟೇ.

ಒಳಗಾ? ಮಣಿ, ಬಣ್ಣ, ಗೋಂದು. ಶಾಲೆ ಸಾಮಾನು. ಬೀಗದ ಕೈ ಎಲ್ಲಿಟ್ನೋ, ನಾಳೆ ಹುಡುಕಿ…

ಯಾಕ್ರೀ ನನ್ನ ಕೊರಳು ನೋಡ್ತೀರ?

ರುಬೀನಾ, ಹಂಗೆ ಕೈ ಚಾಚ್ಬೇಡಿ. ಒಂದು ಮಾತು ಬೈದ್ಬಿಡಿ, ಕೇಳ್ಕೋತೀನಿ. ಕೈ ಚಾಚ್ಬೇಡಿ.

…ಸರಿ. ತಗೊಳ್ಳಿ, ಕೊರಳಲ್ಲೇ ಇತ್ತು ಬೀಗದ ಕೈ. ಕೆಳಗಿನ ಖಾನೆ.

ಈ ನೀಲಿ ಜೊತೆ ಅವನದು. ಈ ಪಟ್ಟಿ ಇರೋದೂ ಅವನದೇ. ನಿನ್ನೇದೂ ಇಲ್ಲೇ ಇದೆ. ಚಪ್ಪಲಿ ತಂದು ಕೈಲಿ ಇಟ್ಟು ಮುಖ ನೋಡ್ತಾನಲ್ಲ, ಅವನಿಗೆ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ. ಕೇಳದೇ ಇದ್ರೆ ಸಾಕಿತ್ತು, ಅಷ್ಟೇ…

ದಾನಿಶ್, ಅದಲ್ಲಪ್ಪಾ. ಆ ಗುಲಾಬಿ ಜೊತೆ ನಿಂದಲ್ಲ, ವಿಭಾದು. ಬಿಡು ಅದನ್ನ. ನಿಂದು ನೀಲಿದು, ನೋಡು, ಇಲ್ಲಿದೆ… ಅದನ್ನ ಯಾಕೆ ನನ್ನ ಕೈಲಿ ಇಡ್ತೀಯ?

ರುಬೀನಾ… ಇದರಲ್ಲಿ ಇನ್ನೂ ಮರಳಿದೆ.