ಮೇಷ್ಟ್ರು ಕಲಿಸಿದ ‘ಪ’

ಚಳ್ಳಕೆರೆಯಲ್ಲಿ ಸಂಗೀತ ಶಾಲೆ ನಡೆಸುತ್ತಿದ್ದ ತಮ್ಮ ಮಹಾಂತೇಶ ತೀರಿಕೊಂಡನೆಂದು ಸುದ್ದಿ ಬಂದ ಬೆಳಿಗ್ಗೆ, ಶಿವಬಸಮ್ಮ ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಸೆರಗು ಹೊದ್ದು ಕುಳಿತಿದ್ದರು. ಪಕ್ಕದಲ್ಲಿ ಅವನ ಶಿಷ್ಯೆಯರಾದ ದುರುಗಕ್ಕ ಮತ್ತು ಮಾಲಾ, ಹೂವಿನ ಹಾರ ಹಿಡಿದು ಕುಳಿತಿದ್ದರು. ಶಿವಬಸಮ್ಮ ತಮ್ಮ ಮೇಷ್ಟ್ರ ಅಕ್ಕ ಎಂದು ಆ ಇಬ್ಬರಿಗೂ ತಿಳಿಯದು.

“ದಸರಾ ರಜೆ ಕಾರ್ಯಕ್ರಮಕ್ಕೆ ಹೆಂಗ್ ಹಾಡಾದು ದುರುಗಕ್ಕ? ಮೇಷ್ಟ್ರ ಹಾರ್ಮೋನಿಯಂನಾಗೆ ‘ಪ’ ಸ್ವರಾನೇ ಕೆಟ್ಟಿತ್ತು.”

“ಹೂಂ ಕಣೇ ಮಾಲಾ. ‘ಪ’ ಬಂದಾಗ ಪಾಪ, ಬರೇ ತಲೆ ಆಡಿಸೋರು.”

“ಅದೂ ಹಾಡೇ ಅಂದ್ಕಂಡು ನಾವು ಮೂರು ವರ್ಷ ಬಾಯಿ ಮುಚ್ಕಂಡು ತಲೆ ಆಡಿಸಿದ್ವಲ್ಲ! ಇನ್ನು ಹೊಸ ಮೇಡಂ ಯಾರಾದ್ರೂ ಬಂದ್ರೆ ‘ಬಾಯಿ ಬಿಡ್ರಿ’ ಅಂತ ಬೈತಾರೆ.”

“ಬಿಟ್ರೆ ಹದಿನೈದು ಜನದ್ದು ಹದಿನೈದು ಥರ ‘ಪ’ ಬರ್ತೈತೆ.”

“ಹಂಗಾರೆ ಹಾಡಾದೇ ಬೇಡ್ವಾ?”

“ಯಾಕೆ ಬೇಡ? ಮೇಷ್ಟ್ರ ಹೆಸ್ರಾಗೆ ಅವರು ಕಲ್ಸಿದಂಗೇ ಹಾಡಾನ. ನಗೋರು ನಗ್ಲಿ. ತಲೆ ಮಾತ್ರ ಎಲ್ಲರೂ ಒಟ್ಟಿಗೇ ಆಡಿಸ್ಬೇಕು, ನೋಡು!”

ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಸೀಟು ಹಿಡಿಯಲು ಓಡಿದರು.

ಬೆಳಗಿನಿಂದ ಅತ್ತು ಊದಿದ್ದ ಮುಖದಲ್ಲಿ ಶಿವಬಸಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೈ ಮುಗಿದರು.

“ಶಿವನೇ, ನನ್ನ ತಮ್ಮನ್ನ ನಿನ್ನ ಪಾದದಾಗೆ ಸೇರಿಸ್ಕೊಳ್ಳಪ್ಪ. ಅವನ ಆತ್ಮ ತಣ್ಣಗಿರ್ಲಿ.”